ಕೊಡಗಿನ ಮಳೆಗಾಲದಲ್ಲಿ ಮೊಬೈಲ್ ನೆಟ್‌ವರ್ಕ್ ಕೈಕೊಡುವುದು ಎಲ್ಲಿ?

ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಕೊಡಗಿನ ಹಳ್ಳಿಗಳಲ್ಲಿ ಎಲ್ಲವೂ ಒಂದೇ ಕ್ರಮದಲ್ಲಿ ನಡೆಯುತ್ತದೆ. ಗಾಳಿಗೆ ಮರ ಬಿದ್ದು ಕರೆಂಟ್ ಹೋಗುತ್ತದೆ. ಫೋನ್ ಮಾತ್ರ ಎಂದಿನಂತೆ ನಡೆಯುತ್ತಿರುತ್ತದೆ. ನಾಲ್ಕೈದು ಗಂಟೆ ಕಳೆಯುತ್ತಿದ್ದಂತೆ ಸಿಗ್ನಲ್ ಕಡ್ಡಿಗಳು ಒಮ್ಮೆಲೇ ಮಾಯವಾಗುತ್ತವೆ. ‘ಮಳೆಗೆ ನೆಟ್‌ವರ್ಕ್ ಹೋಯಿತು’ ಎಂದು ಎಲ್ಲರೂ ಹೇಳುತ್ತಾರೆ. ಆದರೆ 700ರಿಂದ 2300 ಮೆಗಾಹರ್ಟ್ಸ್‌ನೊಳಗಿನ ಮೊಬೈಲ್ ತರಂಗಗಳಿಗೆ ಮಳೆಹನಿಯಿಂದ ಆಗುವ ತಡೆ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಮೊದಲು ಸೋಲುವುದು ಟವರ್ ಬುಡದ ಬ್ಯಾಟರಿ. ಅದರ ಬೆನ್ನಿಗೆ ರಸ್ತೆ ಬದಿಯ ಫೈಬರ್. ಸಮಸ್ಯೆ ಅಲ್ಲಿರುವಾಗ ‘ಇನ್ನೊಂದು ಟವರ್ ಹಾಕಿ’ ಎಂಬ ಬೇಡಿಕೆಯೊಂದರಿಂದಲೇ ಪರಿಹಾರ ಸಿಗದು. ಹೊಸ ಟವರ್ ಕೂಡ ಅದೇ ಕರೆಂಟಿನ ತಂತಿ, ಅದೇ ಫೈಬರನ್ನೇ ನೆಚ್ಚಿಕೊಂಡಿದ್ದರೆ ಹಳೆಯದರ ಜೊತೆಗೇ ಅದೂ ಮಲಗುತ್ತದೆ.

ಇದು ರೀಲ್ಸ್ ನೋಡಲಾಗದ ತೊಂದರೆಯಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು, ಬ್ಯಾಂಕಿನ ಒಟಿಪಿ ಬರಲು, 108ಕ್ಕೆ ಕರೆ ಹೋಗಲು ನೆಟ್‌ವರ್ಕ್ ಬೇಕು. ಪಕ್ಕದ ತೋಟಕ್ಕೆ ಆನೆ ಇಳಿದಿದೆ ಎಂಬ ವಾಟ್ಸ್ಆ್ಯಪ್ ಸಂದೇಶ ಲೈನ್ ಮನೆಗಳಲ್ಲಿರುವ ತೋಟದ ಕಾರ್ಮಿಕರಿಗೆ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲೇ ತಲುಪಬೇಕು, ಹೊರಟ ಮೇಲೆ ತಲುಪಿ ಪ್ರಯೋಜನವಿಲ್ಲ.

ಬ್ಯಾಟರಿಯ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಟವರ್‌ನ ಉಪಕರಣಗಳು ನಡೆಯುವುದು 48 ವೋಲ್ಟ್ ಡಿಸಿಯಲ್ಲಿ. 400 ಆಂಪಿಯರ್-ಅವರ್‌ನ ಬ್ಯಾಟರಿ ಬ್ಯಾಂಕ್ ಇದೆ ಎಂದುಕೊಳ್ಳೋಣ. 48ನ್ನು 400ರಿಂದ ಗುಣಿಸಿದರೆ 19,200 ವ್ಯಾಟ್-ಅವರ್, ಅಂದರೆ 19.2 ಯೂನಿಟ್. ಪೂರ್ತಿ ಬರಿದು ಮಾಡುವಂತಿಲ್ಲವಾದ್ದರಿಂದ ಬಳಕೆಗೆ ಸಿಗುವುದು 15 ಯೂನಿಟ್‌ನ ಆಸುಪಾಸು. ಎರಡು ಕಂಪನಿಗಳ ರೇಡಿಯೊ ಸೇರಿ 2.5 ಕಿಲೋವ್ಯಾಟ್ ಎಳೆದರೆ ಆರು ಗಂಟೆ ನಡೆಯುತ್ತದೆ. ಬ್ಯಾಟರಿ ಹಳೆಯ ಸೀಸ-ಆಮ್ಲದ್ದಾಗಿದ್ದು ಅರ್ಧ ಸಾಮರ್ಥ್ಯ ಕಳೆದುಕೊಂಡಿದ್ದರೆ ಮೂರೇ ಗಂಟೆ. ಅದೇ ಟವರ್‌ಗೆ 5ಜಿ ರೇಡಿಯೊ ಸೇರಿಸಿ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಇನ್ನೂ ಕಡಿಮೆ. ‘5ಜಿ ಬಂದ ಮೇಲೆ ನೆಟ್‌ವರ್ಕ್ ಬೇಗ ಹೋಗುತ್ತಿದೆ’ ಎಂದು ಯಾರಾದರೂ ಹೇಳಿದರೆ ಅದನ್ನು ತಳ್ಳಿಹಾಕಬೇಡಿ, ಲೆಕ್ಕ ಅವರ ಪರವಾಗಿರಬಹುದು.

ಎರಡನೆಯ ದಿನ ಮೊದಲ ದಿನಕ್ಕಿಂತ ಕೆಟ್ಟದಾಗಿರಲು ಕಾರಣವೂ ಇಲ್ಲಿದೆ. ಬರಿದಾದ ಬ್ಯಾಂಕ್ ಮತ್ತೆ ತುಂಬಲು ಎಂಟು–ಹತ್ತು ಗಂಟೆ ನಿರಂತರ ಕರೆಂಟ್ ಬೇಕು. ಮಳೆಗಾಲದಲ್ಲಿ ಕರೆಂಟ್ ಬರುವುದು ಒಂದು ಗಂಟೆ, ಹೋಗುವುದು ಐದು ಗಂಟೆ. ಅರ್ಧ ತುಂಬುವ ಮೊದಲೇ ಮತ್ತೆ ಬರಿದು. ಸೀಸ-ಆಮ್ಲದ ಬ್ಯಾಟರಿ ಹೀಗೆ ಅರೆಬರೆ ಚಾರ್ಜ್‌ನಲ್ಲೇ ವಾರಗಟ್ಟಲೆ ಉಳಿದರೆ ಅದರ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಕಟ್ಟಿ ಸಾಮರ್ಥ್ಯ ಶಾಶ್ವತವಾಗಿ ಇಳಿಯುತ್ತದೆ. ಒಂದು ಮಳೆಗಾಲದ ಪೆಟ್ಟು ಮುಂದಿನ ಮಳೆಗಾಲದಲ್ಲಿ ಕಾಣಿಸುತ್ತದೆ. ಇಂಥ ಕಡೆ ಲಿಥಿಯಂ ಬ್ಯಾಟರಿ ಚೆನ್ನಾಗಿ ತಾಳುತ್ತದೆ, ಬೇಗನೆ ಚಾರ್ಜ್ ಕೂಡ ಆಗುತ್ತದೆ. ದಿನದ ಬಹುಪಾಲು ಕರೆಂಟ್ ಇರದ ಜಾಗಕ್ಕೆ ಇದೇ ಸರಿಯಾದ ಆಯ್ಕೆ.

ಬ್ಯಾಟರಿ ಮುಗಿದ ಮೇಲೆ ಡೀಸೆಲ್ ಜನರೇಟರ್. ಇಷ್ಟು ಲೋಡ್‌ಗೆ ಗಂಟೆಗೆ ಸುಮಾರು ಒಂದರಿಂದ ಒಂದೂವರೆ ಲೀಟರ್ ಹಿಡಿದರೆ ಇಡೀ ದಿನಕ್ಕೆ 25ರಿಂದ 35 ಲೀಟರ್ ಬೇಕು. ಅದನ್ನು ಗುಡ್ಡದ ಮೇಲಕ್ಕೆ ಯಾರು ತರುತ್ತಾರೆ? ಕರೆಂಟ್ ಹೋಗಿರುವುದೇ ಮರ ಬಿದ್ದು. ಆ ಮರ ರಸ್ತೆಗೂ ಅಡ್ಡ ಬಿದ್ದಿರುತ್ತದೆ. ಜೂನ್‌ಗೆ ಮೊದಲೇ ಟ್ಯಾಂಕ್ ತುಂಬಿಸಿಡದ ಜನರೇಟರ್ ಇದ್ದೂ ಇಲ್ಲದಂತೆ.

ಇನ್ನು ಫೈಬರ್. ಟವರ್ ಎಂದರೆ ಕಂಬದ ಮೇಲಿನ ಆಂಟೆನಾ ಮಾತ್ರ ಅಲ್ಲ. ಅಲ್ಲಿಂದ ಕರೆ ಮತ್ತು ಡೇಟಾ ಮಡಿಕೇರಿಗೆ, ಮೈಸೂರಿಗೆ, ಬೆಂಗಳೂರಿಗೆ ಸಾಗಬೇಕು. ಆ ದಾರಿ ಬಹುತೇಕ ರಸ್ತೆಯ ಅಂಚಿನಲ್ಲಿ ಹೂತ ಅಥವಾ ಕಂಬದಿಂದ ಕಂಬಕ್ಕೆ ಎಳೆದ ಫೈಬರ್. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ಘಾಟಿ ರಸ್ತೆ ಹಲವು ಕಡೆ ಕುಸಿಯಿತು; ಮಕ್ಕಂದೂರು, ಮುಕ್ಕೋಡ್ಲು ಸುತ್ತಮುತ್ತ ಗುಡ್ಡಗಳೇ ಜಾರಿದವು. 2020ರ ಆಗಸ್ಟ್ ಮೊದಲ ವಾರದಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿಯಿತು. ರಸ್ತೆ ಜಾರಿದರೆ ಅದರ ಅಂಚಿನಲ್ಲಿರುವುದೆಲ್ಲ ಜಾರುತ್ತದೆ. ಫೈಬರ್ ಎರಡು ಬೇರೆ ಬೇರೆ ದಾರಿಯಲ್ಲಿ ಬಂದು ಉಂಗುರದಂತೆ ಕೂಡಿದ್ದರೆ ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯಿಂದ ನಡೆಯುತ್ತದೆ. ಭಾಗಮಂಡಲದಂತೆ ಕಣಿವೆಯ ಕೊನೆಯಲ್ಲಿರುವ ಊರುಗಳಿಗೆ ಈ ಎರಡನೆಯ ದಾರಿ ಒದಗಿಸುವುದೇ ಕಷ್ಟದ ಕೆಲಸ.

ಫೈಬರ್ ಹೋಗಲಾಗದ ಕಡೆ ಟವರ್‌ನಿಂದ ಟವರ್‌ಗೆ ಮೈಕ್ರೋವೇವ್ ಕೊಂಡಿ ಹಾಕುತ್ತಾರೆ. ಟವರ್ ಮೇಲೆ ದುಂಡನೆಯ ಡೋಲಿನಂತೆ ಕಾಣುವುದು ಅದೇ. ಮಳೆ ನಿಜಕ್ಕೂ ತಡೆಯುವುದು ಇದನ್ನು. 15 ಗಿಗಾಹರ್ಟ್ಸ್‌ನಲ್ಲಿ ಗಂಟೆಗೆ 100 ಮಿಲಿಮೀಟರ್ ವೇಗದ ಮಳೆ ಪ್ರತಿ ಕಿಲೋಮೀಟರಿಗೆ 6ರಿಂದ 8 ಡೆಸಿಬೆಲ್ ನುಂಗುತ್ತದೆ. ದಾರಿಯ ಮೂರು ಕಿಲೋಮೀಟರ್ ಅಂಥ ಮಳೆ ಬಿದ್ದರೆ ಸುಮಾರು 20 ಡೆಸಿಬೆಲ್, ಅಂದರೆ ತಲುಪುವುದು ನೂರರಲ್ಲಿ ಒಂದು ಪಾಲು ಶಕ್ತಿ. ಆಗ ರೇಡಿಯೊ ಕಡಿದುಕೊಳ್ಳುವ ಬದಲು ತಾನಾಗಿ ನಿಧಾನದ ಕ್ರಮಕ್ಕೆ ಇಳಿಯುತ್ತದೆ: ಒಂದು ಸಂಕೇತದಲ್ಲಿ ಎಂಟು ಬಿಟ್ ಕಳಿಸುತ್ತಿದ್ದದ್ದು ಎರಡಕ್ಕೆ ಬರುತ್ತದೆ. ಕೊಂಡಿ ಉಳಿಯುತ್ತದೆ, ವೇಗ ಕಾಲು ಭಾಗವಾಗುತ್ತದೆ. ಫೋನ್‌ನಲ್ಲಿ ಕಡ್ಡಿ ಪೂರ್ತಿ ಇದ್ದು ಒಂದು ಫೋಟೊ ಕೂಡ ಹೋಗದಿರುವುದಕ್ಕೆ ಇದೊಂದು ಕಾರಣ. ಮಡಿಕೇರಿ ದಸರಾದ ರಾತ್ರಿ, ತೀರ್ಥೋದ್ಭವದ ದಿನ ತಲಕಾವೇರಿಯಲ್ಲಿ ಇದೇ ಲಕ್ಷಣ ಕಂಡರೆ ಕಾರಣ ಬೇರೆ. ಅಲ್ಲಿ ಟವರ್‌ಗೆ ಜನ ಹೆಚ್ಚಾಗಿರುತ್ತಾರೆ, ಅಷ್ಟೇ.

ಹಾಗಾದರೆ ಮನೆಯಲ್ಲಿ ಕುಳಿತು ಏನು ಕೆಟ್ಟಿದೆ ಎಂದು ತಿಳಿಯುವುದು ಹೇಗೆ? ಕರೆಂಟ್ ಹೋಗಿ ಕೆಲವು ಗಂಟೆಗಳ ನಂತರ, ಒಂದೇ ಟವರ್ ಹಂಚಿಕೊಂಡಿರುವ ಕಂಪನಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಹೋದರೆ ಅದು ವಿದ್ಯುತ್ತಿನ ಸಮಸ್ಯೆ. ಕರೆಂಟ್ ಇದ್ದಾಗಲೇ ಒಂದು ಕಂಪನಿ ಮಾತ್ರ ತಟ್ಟನೆ ಹೋಗಿ, ಅಕ್ಕಪಕ್ಕದ ಊರುಗಳಲ್ಲೂ ಅದೇ ಕಂಪನಿ ಇಲ್ಲವೆಂದರೆ ಫೈಬರ್ ತುಂಡಾಗಿರುವ ಸಂಭವ ಹೆಚ್ಚು. ದಾರಿ ಪೂರ್ತಿ ಕಡಿದರೆ 4ಜಿ ಟವರ್‌ಗಳು ಸಾಮಾನ್ಯವಾಗಿ ಸಿಗ್ನಲ್ ಕೊಡುವುದನ್ನೇ ನಿಲ್ಲಿಸುತ್ತವೆ, ಹಾಗಾಗಿ ಕಡ್ಡಿ ನೋಡಿ ಎರಡನ್ನೂ ಬೇರ್ಪಡಿಸಲಾಗದು. ಗಮನಿಸಬೇಕಾದದ್ದು ಹೋದ ಸಮಯ ಮತ್ತು ಯಾರ್‍ಯಾರದು ಹೋಯಿತು ಎಂಬುದು. ಸಿಗ್ನಲ್ ವರ್ಷವಿಡೀ ಅಂಗಳದಲ್ಲಿ ಇದ್ದು ಒಳಗೆ ಇಲ್ಲವೆಂದರೆ ಅದು ಬೆಟ್ಟ, ಮರ, ಗೋಡೆಯ ವಿಷಯ.

ಈ ಮೂರನೆಯದಕ್ಕೆ ಆವರ್ತನ ಮುಖ್ಯ. ತರಂಗದ ಆವರ್ತನ ಕಡಿಮೆಯಾದಷ್ಟೂ ಅದು ಬೆಟ್ಟದ ಏಣನ್ನು ಬಳಸಿ ಕೆಳಗೆ ಬಾಗುತ್ತದೆ, ಎಲೆಗಳ ನಡುವೆಯೂ ಹೆಚ್ಚು ನುಸುಳುತ್ತದೆ. ಬಯಲಿನಲ್ಲೇ 700 ಮೆಗಾಹರ್ಟ್ಸ್‌ಗೂ 2300ಕ್ಕೂ ನಡುವೆ 10 ಡೆಸಿಬೆಲ್ ವ್ಯತ್ಯಾಸವಿದೆ, ಅಂದರೆ ಹತ್ತು ಪಟ್ಟು. ಕೊಡಗಿನ ತೋಟದಲ್ಲಿ ಅದು ಇನ್ನೂ ಹೆಚ್ಚು. ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ, ಅದಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಕೆಳಗೆ ಕಾಫಿ. ಎಲೆ ಒದ್ದೆಯಾದರೆ ತಡೆ ಮತ್ತಷ್ಟು ಏರುತ್ತದೆ. ಮಳೆಗೆ ಸಿಗ್ನಲ್ ಕುಗ್ಗಿತು ಎನ್ನುವ ಅನುಭವದಲ್ಲಿ ನಿಜವಿರುವುದು ಇಷ್ಟು: ತರಂಗವನ್ನು ತಡೆಯುವುದು ಒದ್ದೆ ಎಲೆಯೇ ಹೊರತು ಬೀಳುವ ಹನಿಯಲ್ಲ. ಮರ ಕಪಾತು ಮಾಡಿದ ಮೇಲೆ ತೋಟದೊಳಗಿನ ಮನೆಗಳಲ್ಲಿ ಸಿಗ್ನಲ್ ತುಸು ಸುಧಾರಿಸುವುದೂ ಇದರಿಂದಲೇ.

ಬಿಎಸ್‌ಎನ್‌ಎಲ್ ತನ್ನ 4ಜಿಗೆ 700 ಮತ್ತು 2100 ಮೆಗಾಹರ್ಟ್ಸ್ ಬಳಸುತ್ತದೆ. ದೇಶದೊಳಗೇ ಸಿದ್ಧಪಡಿಸಿದ ಉಪಕರಣಗಳ ಈ 4ಜಿ ಜಾಲಕ್ಕೆ 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಅಧಿಕೃತ ಚಾಲನೆ ಸಿಕ್ಕಿತು. ಅದಕ್ಕೂ ಮುನ್ನ, 2022ರ ಜುಲೈನಲ್ಲಿ, 4ಜಿ ಇಲ್ಲದ 24,680 ಹಳ್ಳಿಗಳನ್ನು ತಲುಪಲು ಕೇಂದ್ರ ಸಂಪುಟ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತ್ತು. ಕಣಿವೆಗಳ ಜಿಲ್ಲೆಗೆ 700 ಮೆಗಾಹರ್ಟ್ಸ್ ಒಳ್ಳೆಯ ಸುದ್ದಿ. ಆದರೆ ಅದನ್ನು ಹಿಡಿಯಲು ಫೋನ್‌ನಲ್ಲಿ ಬ್ಯಾಂಡ್ 28 ಇರಬೇಕು. ಹಳೆಯ 4ಜಿ ಫೋನ್‌ಗಳಲ್ಲಿ ಎಷ್ಟೋ ಕಡೆ ಅದಿಲ್ಲ. ಸಿಮ್ ಬದಲಾಯಿಸಿಯೂ ಸಿಗ್ನಲ್ ಬಾರದವರು ಕಂಪನಿಯನ್ನು ಬೈಯುವ ಮೊದಲು ಫೋನ್‌ನ ಮಾದರಿ ಸಂಖ್ಯೆ ಹಾಕಿ ಯಾವ ಯಾವ 4ಜಿ ಬ್ಯಾಂಡ್ ಇದೆ ಎಂದು ನೋಡಲಿ.

ಕಡ್ಡಿಯ ಲೆಕ್ಕವನ್ನು ಒಂದೊಂದು ಫೋನ್ ಒಂದೊಂದು ರೀತಿ ತೋರಿಸುತ್ತದೆ, ಅದನ್ನು ನಂಬಬಾರದು. ಆ್ಯಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ ಒಳಗೆ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಬಲ ಡಿಬಿಎಂ ಎಂಬ ಅಳತೆಯಲ್ಲಿ ಸಿಗುತ್ತದೆ. ಹಲವು ಫೋನ್‌ಗಳಲ್ಲಿ *#*#4636#*#* ಒತ್ತಿದರೂ ಬರುತ್ತದೆ. 4ಜಿಯಲ್ಲಿ ಮೈನಸ್ 85ರ ಸುತ್ತ ಇದ್ದರೆ ಚೆನ್ನ. ಮೈನಸ್ 105ಕ್ಕೆ ಬಂದರೆ ಮಾತು ತುಂಡಾಗುತ್ತದೆ, ಮೈನಸ್ 115 ದಾಟಿದರೆ ಫೋನ್ ಟವರನ್ನು ಹುಡುಕುವುದರಲ್ಲೇ ಬ್ಯಾಟರಿ ಮುಗಿಸುತ್ತದೆ. ಹೀಗೆ ಸಿಗ್ನಲ್ ಕ್ಷೀಣವಾಗಿರುವ ಕಡೆ 5ಜಿ ಆಫ್ ಮಾಡಿ 4ಜಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ‘ಎಲ್‌ಟಿಇ ಮಾತ್ರ’, ಅಂದರೆ 4ಜಿ ಬಿಟ್ಟು ಬೇರೇನೂ ಬೇಡ ಎಂಬ ಆಯ್ಕೆಯನ್ನು ಮಾತ್ರ ಒತ್ತಬೇಡಿ. ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ಸಿಮ್‌ಗಳಿಗೆ ಆಗ 2ಜಿಯ ದಾರಿಯೂ ಮುಚ್ಚುತ್ತದೆ. 4ಜಿ ಫೋನ್ ಹೊರಸೂಸುವ ಗರಿಷ್ಠ ಶಕ್ತಿ 0.2 ವ್ಯಾಟ್. 900 ಮೆಗಾಹರ್ಟ್ಸ್‌ನ 2ಜಿ ಕೀಪ್ಯಾಡ್ ಫೋನ್‌ಗೆ 2 ವ್ಯಾಟ್‌ವರೆಗೆ ಅವಕಾಶವಿದೆ. ಸ್ಮಾರ್ಟ್‌ಫೋನ್ ಸೋತ ಕಣಿವೆಯಲ್ಲಿ ಹಳೆಯ ಕೀಪ್ಯಾಡ್ ಫೋನ್ ರಿಂಗ್ ಆಗುವುದಕ್ಕೆ ಇದೇ ವಿವರಣೆ. ಜಿಯೋಗೆ 2ಜಿ ಜಾಲವೇ ಇಲ್ಲ. ಹಾಗಾಗಿ ಮನೆಯಲ್ಲಿ ಎರಡು ಸಿಮ್ ಇಟ್ಟುಕೊಳ್ಳುವವರು ಎರಡೂ ಬೇರೆ ಬೇರೆ ಕಂಪನಿಯದ್ದಾಗಿದ್ದು, ಸಾಧ್ಯವಾದರೆ ಬೇರೆ ಬೇರೆ ಟವರ್‌ನಿಂದ ಬರುವಂತೆ ನೋಡಿಕೊಳ್ಳಬೇಕು.

ಫೈಬರ್ ಸಂಪರ್ಕವಿರುವ ಮನೆಗೆ ವೈಫೈ ಕಾಲಿಂಗ್‌ನಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ. ಸಿಮ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿದರೆ ಸಾಮಾನ್ಯ ನಂಬರಿನ ಕರೆಯೇ ಮನೆಯ ವೈಫೈ ಮೂಲಕ ಹೋಗುತ್ತದೆ. ಒಂದು ಕರೆಗೆ ಸೆಕೆಂಡಿಗೆ 100 ಕಿಲೋಬಿಟ್ ಸಾಕು. ಮೊಬೈಲ್ ಸಿಗ್ನಲ್ ಮೈನಸ್ 112ರಲ್ಲಿ ತೂಗಾಡುತ್ತಿದ್ದರೆ ಫೋನ್ ಅದನ್ನೇ ಹಿಡಿದುಕೊಂಡು ವೈಫೈಗೆ ಬರಲು ಒಪ್ಪುವುದಿಲ್ಲ. ಆಗ ಏರೋಪ್ಲೇನ್ ಮೋಡ್ ಹಾಕಿ, ನಂತರ ವೈಫೈ ಮಾತ್ರ ಆನ್ ಮಾಡಿದರೆ ದಾರಿಗೆ ಬರುತ್ತದೆ. ಬ್ಯಾಂಕಿನ ಒಟಿಪಿ ಕೂಡ ಸಾಮಾನ್ಯವಾಗಿ ಇದೇ ದಾರಿಯಲ್ಲಿ ಬರುತ್ತದೆ.

ಕರೆಂಟ್ ಹೋದಾಗ ಇದು ನಡೆಯಬೇಕಾದರೆ ರೂಟರ್‌ಗೆ ಪ್ರತ್ಯೇಕ ಬ್ಯಾಟರಿ ಬೇಕು. ಮನೆಯ ದೊಡ್ಡ ಇನ್ವರ್ಟರ್ ರೂಟರನ್ನು ನಡೆಸಬಲ್ಲದು, ಆದರೆ ಲೋಡ್ ಇಲ್ಲದಿದ್ದರೂ ತಾನೇ 10–20 ವ್ಯಾಟ್ ತಿನ್ನುತ್ತದೆ; ಮೂರು ದಿನ ಕರೆಂಟ್ ಇಲ್ಲದ ಊರಲ್ಲಿ ಅದು ದುಬಾರಿ. ಹೆಚ್ಚಿನ ರೂಟರ್‌ಗಳು 12 ವೋಲ್ಟ್ ಡಿಸಿಯಲ್ಲಿ 10–12 ವ್ಯಾಟ್ ಎಳೆಯುತ್ತವೆ. 12 ವೋಲ್ಟ್ 7 ಆಂಪಿಯರ್-ಅವರ್‌ನ ಸಣ್ಣ ಬ್ಯಾಟರಿಯಲ್ಲಿ ಇರುವುದು 84 ವ್ಯಾಟ್-ಅವರ್. ಅರ್ಧದಷ್ಟು ಬಳಸಿದರೆ ಮೂರೂವರೆ–ನಾಲ್ಕು ಗಂಟೆ. ರೂಟರ್‌ಗೆ ಮಾಡಿದ ಡಿಸಿ ಯುಪಿಎಸ್ ಕೊಳ್ಳುವಾಗ ವೋಲ್ಟೇಜ್ 9ರದ್ದೋ 12ರದ್ದೋ ಎಂದು ಅಡಾಪ್ಟರ್ ಮೇಲೆ ಓದಿಕೊಳ್ಳಿ, ತಪ್ಪಿದರೆ ರೂಟರ್ ಸುಡುತ್ತದೆ. ಆಮೇಲೂ ನೆಟ್ ಬಾರದಿದ್ದರೆ ರೂಟರ್ ಮೇಲಿನ ಎಲ್‌ಒಎಸ್ (LOS) ದೀಪ ನೋಡಿ. ಅದು ಕೆಂಪಾಗಿದ್ದರೆ ನಿಮ್ಮ ಮನೆಗೆ ಬೆಳಕೇ ಬರುತ್ತಿಲ್ಲ: ಕೇಬಲ್ ತುಂಡಾಗಿದೆ, ಇಲ್ಲವೇ ಕೊಂಬೆ ಬಿದ್ದು ಮಡಿಚಿಕೊಂಡಿದೆ. PON ಎಂದು ಬರೆದ ದೀಪ ಹಸಿರಾಗಿ ನಿಂತಿದ್ದೂ ನೆಟ್ ಇಲ್ಲವೆಂದರೆ ತೊಂದರೆ ಮುಂದೆಲ್ಲೋ ಇದೆ. ಕೇಬಲ್‌ನವರಿಗೆ ಇದನ್ನು ಫೋನ್‌ನಲ್ಲೇ ಹೇಳಿದರೆ ಅವರು ಫೈಬರ್ ಬೆಸೆಯುವ ಯಂತ್ರ ತರಬೇಕೋ ಬೇಡವೋ ಎಂದು ಮೊದಲೇ ತಿಳಿಯುತ್ತದೆ.

ಫೈಬರ್ ಇಲ್ಲದ ತೋಟದ ಮನೆಗೆ ಎರಡು ದಾರಿ. ಒಂದು, ಸಿಮ್ ಹಾಕುವ ಹೊರಾಂಗಣ 4ಜಿ ರೂಟರನ್ನು ಮರಗಳ ಎತ್ತರ ತಪ್ಪಿಸಿ ಕಂಬದ ಮೇಲಿಟ್ಟು, ಅಲ್ಲಿಂದ ಒಳಗೆ ಈಥರ್ನೆಟ್ ಕೇಬಲ್ ಎಳೆಯುವುದು. ಆಂಟೆನಾ ಮಾತ್ರ ಮೇಲಿಟ್ಟು ಸಪೂರ ಕೋಆ್ಯಕ್ಸಿಯಲ್ ತಂತಿಯಲ್ಲಿ ಸಿಗ್ನಲ್ ಇಳಿಸುವವರು ನಷ್ಟ ಮಾಡಿಕೊಳ್ಳುತ್ತಾರೆ. ಆರ್‌ಜಿ-58 ತಂತಿ 900 ಮೆಗಾಹರ್ಟ್ಸ್‌ನಲ್ಲೇ ಮೀಟರಿಗೆ ಅರ್ಧ ಡೆಸಿಬೆಲ್‌ಗೂ ಹೆಚ್ಚು ನುಂಗುತ್ತದೆ. 20 ಮೀಟರ್ ತಂತಿಯಲ್ಲಿ ಆಂಟೆನಾ ಗಳಿಸಿದ್ದೆಲ್ಲ ಕರಗಿಹೋಗುತ್ತದೆ. ಈಥರ್ನೆಟ್ 100 ಮೀಟರ್‌ವರೆಗೆ ಏನೂ ಕಳೆಯದೆ ನಡೆಯುತ್ತದೆ, ಕರೆಂಟನ್ನೂ ಅದೇ ಒಯ್ಯುತ್ತದೆ.

ಇನ್ನೊಂದು, ನೆಟ್ ಇರುವ ಕಡೆಯಿಂದ ಇಲ್ಲದ ಕಡೆಗೆ 5 ಗಿಗಾಹರ್ಟ್ಸ್ ರೇಡಿಯೊ ಜೋಡಿ. 2018ರ ಅಕ್ಟೋಬರ್‌ನ ಅಧಿಸೂಚನೆಯ ನಂತರ ಈ ಆವರ್ತನವನ್ನು ನಿಗದಿತ ಶಕ್ತಿಮಿತಿಯೊಳಗೆ ಹೊರಾಂಗಣದಲ್ಲೂ ಲೈಸೆನ್ಸ್ ಇಲ್ಲದೆ ಬಳಸಬಹುದು. ಎರಡು ಡಿಶ್‌ಗಳು ಪರಸ್ಪರ ಕಂಡರೆ ಸಾಲದು, ನಡುವೆ ಸುತ್ತಲೂ ಜಾಗ ಖಾಲಿ ಇರಬೇಕು. ಒಂದು ಕಿಲೋಮೀಟರ್ ದೂರಕ್ಕೆ ನಡುಮಧ್ಯದಲ್ಲಿ ನೇರ ಗೆರೆಯಿಂದ ಎಲ್ಲ ಕಡೆಗೂ ಕನಿಷ್ಠ 2.2 ಮೀಟರ್, ಐದು ಕಿಲೋಮೀಟರ್‌ಗೆ 4.8 ಮೀಟರ್ ಬಿಡುವು ಬೇಕು. ಬೇಸಿಗೆಯಲ್ಲಿ ಚೆನ್ನಾಗಿ ನಡೆದ ಕೊಂಡಿ ಜುಲೈನಲ್ಲಿ ನಿಲ್ಲುವುದು ಆ ಬಿಡುವಿನೊಳಕ್ಕೆ ಸಿಲ್ವರ್ ಓಕ್‌ನ ಹೊಸ ಚಿಗುರು ಬೆಳೆದು ನೀರು ಹಿಡಿದಾಗ. ಏಪ್ರಿಲ್‌–ಮೇ ತಿಂಗಳ ಗುಡುಗು ಮಳೆಯ ಸಿಡಿಲಿಗೆ ಇನ್ನೊಂದು ಎಚ್ಚರಿಕೆ: ಕಂಬದಿಂದ ಮನೆಯೊಳಗೆ ತಾಮ್ರದ ತಂತಿ ನೇರವಾಗಿ ಬರದಂತೆ, ನಡುವೆ ಕೆಲವೇ ಮೀಟರ್ ಫೈಬರ್ ಮತ್ತು ಎರಡು ಮೀಡಿಯಾ ಕನ್ವರ್ಟರ್ (ತಂತಿಯ ಸಂಕೇತವನ್ನು ಬೆಳಕಿಗೆ, ಬೆಳಕನ್ನು ಮತ್ತೆ ತಂತಿಗೆ ಬದಲಿಸುವ ಪೆಟ್ಟಿಗೆ) ಹಾಕಿದರೆ ಸಿಡಿಲಿನ ವಿದ್ಯುತ್ತು ಆ ತಂತಿಯ ದಾರಿಯಲ್ಲಿ ಒಳಗಿನ ಯಂತ್ರಗಳಿಗೆ ಹರಿಯದು. ಕಂಬಕ್ಕೆ ಅರ್ಥಿಂಗ್ ಬೇಕೇ ಬೇಕು. ಉಪಗ್ರಹ ಇಂಟರ್ನೆಟ್ ಬರುತ್ತದೆಂದು ಕಾಯುತ್ತಿರುವವರೂ ಇದ್ದಾರೆ. ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಸೇವಾ ಪರವಾನಗಿ ಸಿಕ್ಕಿದೆ. ಆದರೆ ಅದರ ಡಿಶ್‌ಗೆ ತೆರೆದ ಆಕಾಶ ಬೇಕು. ನೆರಳಿನ ಮರಗಳ ಕೆಳಗೆ ಅದು ನಡೆಯದು.

ಆನ್‌ಲೈನ್‌ನಲ್ಲಿ ಸಿಗುವ ‘ಸಿಗ್ನಲ್ ಬೂಸ್ಟರ್’ ಮಾತ್ರ ಹಾಕಬೇಡಿ. ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಹೊರಗಿನ ಆಂಟೆನಾಕ್ಕೂ ಒಳಗಿನದಕ್ಕೂ ಸಾಕಷ್ಟು ಅಂತರವಿಲ್ಲದಿದ್ದರೆ ಬೂಸ್ಟರ್ ತನ್ನದೇ ಸಿಗ್ನಲನ್ನು ಹಿಡಿದು ಮತ್ತೆ ಮತ್ತೆ ಹಿಗ್ಗಿಸುತ್ತದೆ, ಮೈಕ್ ಸ್ಪೀಕರ್ ಮುಂದೆ ಬಂದಾಗ ಕಿರುಚುವ ಹಾಗೆ. ಆ ಗದ್ದಲ ಟವರ್‌ನ ಕಿವಿಗೆ ಹೋಗುತ್ತದೆ. ನಿಮ್ಮ ಮನೆಯಲ್ಲಿ ಕಡ್ಡಿ ಪೂರ್ತಿ ತೋರಿಸುತ್ತಿರುವಾಗ ಅದೇ ಟವರ್‌ನ ಇನ್ನೊಂದು ತುದಿಯಲ್ಲಿರುವ ಲೈನ್ ಮನೆಯವರ ದುರ್ಬಲ ದನಿ ಅದರಲ್ಲಿ ಮುಳುಗಿಹೋಗುತ್ತದೆ.

ಟವರ್ ಬೇಡವೆಂದು ವಿಕಿರಣದ ಭಯದಿಂದ ಎದುರಾಗುವ ಆಕ್ಷೇಪಕ್ಕೂ ಒಂದು ಮಾತು. 2012ರ ಸೆಪ್ಟೆಂಬರ್‌ನಲ್ಲಿ ಭಾರತ ನಿಗದಿ ಮಾಡಿದ ಮಿತಿ ಅಂತರರಾಷ್ಟ್ರೀಯ ಮಾರ್ಗಸೂಚಿಯ ಹತ್ತನೇ ಒಂದು ಭಾಗ. 900 ಮೆಗಾಹರ್ಟ್ಸ್‌ನಲ್ಲಿ ಚದರ ಮೀಟರಿಗೆ 0.45 ವ್ಯಾಟ್. ಟವರ್ ದೂರವಾದಷ್ಟೂ ಕಿವಿಗೊತ್ತಿದ ಫೋನ್ ಹೆಚ್ಚು ಶಕ್ತಿ ಹೊರಸೂಸುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವಿಪತ್ತಿನ ದಿನಗಳಿಗೆ ಮೂರು ಸಂಗತಿ ತಿಳಿದಿರಲಿ. ಸೆಲ್ ಬ್ರಾಡ್‌ಕಾಸ್ಟ್ ಎಚ್ಚರಿಕೆ ಟವರ್‌ನ ವ್ಯಾಪ್ತಿಯಲ್ಲಿರುವ ಫೋನ್‌ಗಳಿಗೆಲ್ಲ ಒಮ್ಮೆಗೇ ಬರುತ್ತದೆ, ಅದಕ್ಕೆ ಇಂಟರ್ನೆಟ್ ಬೇಡ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಫೋನ್‌ಗಳು ಜೋರಾಗಿ ಬೀಪ್ ಎಂದದ್ದು ಇದರ ಪರೀಕ್ಷೆಗೆ. ಆಗ ಕಿರಿಕಿರಿಯೆಂದು ‘ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್’ ಆಫ್ ಮಾಡಿದವರು ಮತ್ತೆ ಆನ್ ಮಾಡಿಕೊಳ್ಳಲಿ. ಎರಡನೆಯದು, ಫೋನ್ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಎಂದು ತೋರಿಸುತ್ತಿದ್ದರೆ ಬೇರೆ ಕಂಪನಿಯ ಟವರ್ ಸಿಗುತ್ತಿದೆ ಎಂದರ್ಥ, 112ಕ್ಕೆ ಪ್ರಯತ್ನಿಸಿ. ಮೂರನೆಯದು, ದೊಡ್ಡ ವಿಪತ್ತಿನಲ್ಲಿ ದೂರಸಂಪರ್ಕ ಇಲಾಖೆ ಒಂದು ಕಂಪನಿಯ ಗ್ರಾಹಕರು ಯಾವ ಕಂಪನಿಯ ಟವರನ್ನಾದರೂ ಬಳಸುವಂತೆ ಆದೇಶಿಸಬಹುದು. 2025ರ ಆಗಸ್ಟ್‌ನ ಪ್ರವಾಹದಲ್ಲಿ ಜಮ್ಮು–ಕಾಶ್ಮೀರದಲ್ಲಿ ಹಾಗೆ ಮಾಡಲಾಯಿತು. ಅಂಥ ಆದೇಶವಾದಾಗ ಫೋನ್ ತಾನಾಗಿ ಹಿಡಿಯದಿದ್ದರೆ ನೆಟ್‌ವರ್ಕ್ ಆಯ್ಕೆಯನ್ನು ಮ್ಯಾನುವಲ್‌ಗೆ ಬದಲಾಯಿಸಿ, ಕಾಣುವ ಬೇರೆ ಕಂಪನಿಯನ್ನು ಆರಿಸಬೇಕು.

ದೂರು ಕೊಡುವಾಗ ‘ನೆಟ್‌ವರ್ಕ್ ಇಲ್ಲ’ ಎಂದರೆ ಸಾಲದು. ಹೋದ ಸಮಯ, ಕರೆಂಟ್ ಹೋದ ಸಮಯ, ಡಿಬಿಎಂ ಸಂಖ್ಯೆ, ಮ್ಯಾಪ್‌ನಿಂದ ತೆಗೆದ ಅಕ್ಷಾಂಶ–ರೇಖಾಂಶ, ಆ ಹೊತ್ತಿಗೆ ಬೇರೆ ಕಂಪನಿ ನಡೆಯುತ್ತಿತ್ತೇ ಎಂಬುದು, ಇಷ್ಟನ್ನೂ ಕಂಪನಿಯ ದೂರು ಸಂಖ್ಯೆ 198ಕ್ಕೆ ಹೇಳಿ, ಅವರು ಕೊಡುವ ದೂರಿನ ಡಾಕೆಟ್ ಸಂಖ್ಯೆ ಬರೆದುಕೊಳ್ಳಿ. ಉತ್ತರ ತೃಪ್ತಿಯಾಗದಿದ್ದರೆ ಆ ಸಂಖ್ಯೆ ಇಟ್ಟುಕೊಂಡು ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2024ರ ಗುಣಮಟ್ಟ ನಿಯಮಗಳ ಪ್ರಕಾರ ಜಿಲ್ಲಾ ಮಟ್ಟದಲ್ಲಿ ಸೇವೆ 24 ಗಂಟೆಗೂ ಮೀರಿ ನಿಂತರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆಯಲ್ಲಿ ರಿಯಾಯಿತಿ, ಪ್ರೀಪೇಯ್ಡ್‌ನವರಿಗೆ ಅವಧಿ ವಿಸ್ತರಣೆ ಸಿಗಬೇಕು. ಆದರೆ ನೈಸರ್ಗಿಕ ವಿಕೋಪಕ್ಕೆ ವಿನಾಯಿತಿ ಇದೆ. ಪ್ರತಿ ವರ್ಷ ಅದೇ ತಿಂಗಳು, ಅದೇ ಕಾರಣಕ್ಕೆ ಬರುವ ಕಡಿತವನ್ನು ವಿಕೋಪವೆಂದು ಒಪ್ಪಿಕೊಳ್ಳುವುದು ಕೊಡಗಿನ ಮಟ್ಟಿಗೆ ನ್ಯಾಯವಲ್ಲ.

ಆದ್ದರಿಂದ ಟವರ್ ಎಷ್ಟಿವೆ ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ, ಜಿಲ್ಲಾಡಳಿತದ ಮಳೆಗಾಲದ ಸಿದ್ಧತಾ ಸಭೆಯಲ್ಲಿ ಹೆಸರು ಹಿಡಿದು ಕೇಳಬೇಕು. ಈ ಟವರ್‌ನ ಬ್ಯಾಟರಿ ಪೂರ್ಣ ಲೋಡ್‌ನಲ್ಲಿ ಎಷ್ಟು ಗಂಟೆ ನಡೆಯುತ್ತದೆ, ಕೊನೆಯ ಬಾರಿ ಹಾಗೆ ನಡೆಸಿ ನೋಡಿದ್ದು ಯಾವಾಗ? ಜನರೇಟರ್ ಇದೆಯೇ, ಎಷ್ಟು ದಿನದ ಡೀಸೆಲ್ ಅಲ್ಲೇ ಇದೆ? ಫೈಬರ್ ಒಂದೇ ರಸ್ತೆಯಲ್ಲಿ ಬಂದಿದೆಯೇ, ಎರಡರಲ್ಲೋ? ಟವರ್‌ಗೆ ಹೋಗುವ ಕರೆಂಟ್ ತಂತಿಯ ಮೇಲಿನ ಕೊಂಬೆಗಳನ್ನು ಕಡಿಸಿದ್ದಾರೆಯೇ? ಇವಕ್ಕೆ ಉತ್ತರ ಮೇ ಮಧ್ಯದೊಳಗೆ ಸಿಗಬೇಕು. ಜೂನ್‌ನಲ್ಲಿ ಮಣ್ಣಿನ ರಸ್ತೆ ಮೆತ್ತಗಾದ ಮೇಲೆ ಬ್ಯಾಟರಿ ಹೊತ್ತ ಲಾರಿ ಗುಡ್ಡ ಹತ್ತುವುದಿಲ್ಲ.